ಕಾಣಿಕೆಯ ಅನ್ನ ಉಂಡ ಪಾಸ್ಟರ್: ಫ್ರೆಡ್ ಶಟಲ್ಸ್‌ವರ್ತ್

ಅಧ್ಯಕ್ಷರೇ, ಹಿರಿಯರೇ, ವಿದ್ಯಾರ್ಥಿಮಿತ್ರರೇ,

ನನಗಿಂತ ಮೊದಲು ಮಾತನಾಡಿದವರು ಮಾರ್ಟಿನ್ ಲೂಥರ್ ಕಿಂಗ್ ಅವರ ಕುರಿತು ಹೇಳಬೇಕಾದುದನ್ನೆಲ್ಲ ಹೇಳಿದ್ದಾರಾದ್ದರಿಂದ, ಮಾಂಟ್ಗೊಮರಿಯ ಬಸ್ ಬಹಿಷ್ಕಾರದ ಹಿನ್ನೆಲೆಯನ್ನು ನಾನು ಮತ್ತೆ ಬಿಡಿಸುವುದಿಲ್ಲ. ಕಿಂಗ್ ಅವರನ್ನು ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್ ನಗರಕ್ಕೆ ಕರೆಸಿಕೊಂಡ ಬ್ಯಾಪ್ಟಿಸ್ಟ್ ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡದ ಪಾಸ್ಟರ್ ಫ್ರೆಡ್ ಶಟಲ್ಸ್‌ವರ್ತ್ ಅವರ ಬಗ್ಗೆ ಮಾತನಾಡುತ್ತೇನೆ. ಅವರು ತೀರಿಕೊಂಡದ್ದು 2011ರ ಅಕ್ಟೋಬರ್ 5ರಂದು. ಸ್ಟೀವ್ ಜಾಬ್ಸ್ ತೀರಿಕೊಂಡದ್ದೂ ಅದೇ ದಿನ. ಮರುದಿನದ ಸುದ್ದಿಯೆಲ್ಲ ಯಾರ ಪಾಲಾಯಿತೆಂಬುದನ್ನು ಬೆಂಗಳೂರಿನ ಸಭೆಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಕಪ್ಪು ಜನರ ಹಕ್ಕುಗಳ ಆ ಹೋರಾಟದಲ್ಲಿ ಅಷ್ಟೊಂದು ಮಂದಿ ಪಾಸ್ಟರುಗಳೇ ಏಕೆ ಮುಂದಾಳುಗಳಾದರು ಎಂಬ ಪ್ರಶ್ನೆಗೆ ಭಕ್ತಿ, ವಾಗ್ಮಿತೆ ಎಂಬ ಉತ್ತರಗಳು ಸಿದ್ಧವಾಗಿವೆ. ಅವು ಸುಳ್ಳಲ್ಲ, ಆದರೆ ನನಗೆ ಸಾಲುವುದಿಲ್ಲ. ಅವರು ಉಣ್ಣುತ್ತಿದ್ದ ಅನ್ನದ ಋಣ ಯಾರದು ಎಂದು ಮೊದಲು ಕೇಳಬೇಕೆಂಬುದು ನನ್ನ ವಾದ. ಅಲಬಾಮಾದ ಕಪ್ಪು ಶಿಕ್ಷಕನ ಸಂಬಳ ಬಿಳಿಯರ ಶಾಲಾಮಂಡಳಿಯಿಂದ ಬರುತ್ತಿತ್ತು, ಕಾರ್ಮಿಕನ ಕೂಲಿ ಬಿಳಿಯರ ಕಾರ್ಖಾನೆಯಿಂದ, ಮನೆಗೆಲಸದವಳ ಕೂಲಿ ಬಿಳಿಯ ಯಜಮಾನಿಯ ಕೈಯಿಂದ. ಇವರಲ್ಲಿ ಯಾರು ಬಾಯಿಬಿಟ್ಟರೂ ಮರುದಿನ ಒಲೆ ಉರಿಯುತ್ತಿರಲಿಲ್ಲ. ಬ್ಯಾಪ್ಟಿಸ್ಟರಲ್ಲಿ ಮೇಲಿನಿಂದ ಪಾಸ್ಟರನ್ನು ನೇಮಿಸುವ, ವರ್ಗ ಮಾಡುವ ಬಿಷಪ್ ಇಲ್ಲ. ಪ್ರತಿಯೊಂದು ಸಭೆಯೂ, ಅಂದರೆ ಒಂದೊಂದು ಚರ್ಚಿನ ಭಕ್ತಸಮೂಹವೂ, ತನ್ನ ಪಾಸ್ಟರನ್ನು ತಾನೇ ಆರಿಸಿ ತನ್ನ ಕಾಣಿಕೆಯಿಂದಲೇ ಸಾಕುತ್ತದೆ. ಆದ್ದರಿಂದ ಇಡೀ ಓಣಿಯಲ್ಲಿ ಬಿಳಿಯರಿಗೆ ಕೆಲಸದಿಂದ ತೆಗೆಯಲಾಗದ ಮನುಷ್ಯನೆಂದರೆ ಪಾಸ್ಟರ್ ಒಬ್ಬನೇ.

ಶಟಲ್ಸ್‌ವರ್ತ್ 1922ರ ಮಾರ್ಚ್ 18ರಂದು ಮೌಂಟ್ ಮೀಗ್ಸ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೊಬೀಲ್ ನಗರದ ವಾಯುನೆಲೆಯಲ್ಲಿ ಟ್ರಕ್ ಓಡಿಸುತ್ತಿದ್ದವರು, ಆಮೇಲೆ ಓದಿ, 1953ರಲ್ಲಿ ಉತ್ತರ ಬರ್ಮಿಂಗ್‌ಹ್ಯಾಮಿನ ಕಾಲೇಜ್‌ವಿಲ್ ಎಂಬ ಕಾರ್ಮಿಕರ ಬಡಾವಣೆಯ ಬೆಥೆಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಪಾಸ್ಟರಾದರು. 1956ರ ಜೂನ್ ಆರಂಭದಲ್ಲಿ ಅಲಬಾಮಾ ಸರ್ಕಾರ ನ್ಯಾಯಾಲಯದ ಮೂಲಕ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘದ ಬಾಯಿ ಕಟ್ಟಿತು. ಕೆಲವೇ ದಿನಗಳಲ್ಲಿ, ಜೂನ್ 5ರಂದು, ಸಾರ್ಡಿಸ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಜನ ಕಿಕ್ಕಿರಿದು ಸೇರಿ, ಶಟಲ್ಸ್‌ವರ್ತ್ ಅವರ ಮುಂದಾಳುತನದಲ್ಲಿ ಮಾನವ ಹಕ್ಕುಗಳಿಗಾಗಿ ಅಲಬಾಮಾ ಕ್ರೈಸ್ತ ಚಳವಳಿಯನ್ನು ಕಟ್ಟಿಕೊಂಡರು. ಸಂಘಕ್ಕೆ ಬೀಗ ಹಾಕಿದಷ್ಟು ಸುಲಭವಾಗಿ ಚರ್ಚಿಗೆ ಹಾಕಲು ಬರುವುದಿಲ್ಲವಷ್ಟೆ.

ಈಗ ಆ ವರ್ಷದ ಕ್ರಿಸ್‌ಮಸ್ ರಾತ್ರಿಯ ಕಥೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಅಧ್ಯಕ್ಷರು ಸಹಿಸಬೇಕು. ನಗರದ ಬಸ್ಸುಗಳಲ್ಲಿ ವರ್ಣಭೇದ ನಿಲ್ಲದಿದ್ದರೆ ಡಿಸೆಂಬರ್ 26ರಂದು ತಾವೇ ಬಿಳಿಯರಿಗೆ ಮೀಸಲಾಗಿದ್ದ ಮುಂದಿನ ಸೀಟುಗಳಲ್ಲಿ ಕೂರುವುದಾಗಿ ಚಳವಳಿ ಸಾರಿತ್ತು. ಹಿಂದಿನ ರಾತ್ರಿ ಪಾಸ್ಟರು ಚರ್ಚಿಗೆ ಅಂಟಿಕೊಂಡಿದ್ದ ತಮ್ಮ ಮನೆಯಲ್ಲಿ ಮಂಚದ ಮೇಲೆ ಒರಗಿ, ಮನೆಗೆ ಬಂದಿದ್ದ ಸಭೆಯ ಹಿರಿಯರೊಬ್ಬರೊಡನೆ ಮಾತನಾಡುತ್ತಿದ್ದಾಗ, ಆ ಕೋಣೆಯ ಹೊರಗೋಡೆಯ ಬಳಿ ಇಟ್ಟಿದ್ದ ಡೈನಮೈಟ್ ಸಿಡಿಯಿತು. ಗೋಡೆ ಹೋಯಿತು, ನೆಲ ಹೋಯಿತು, ಚಾವಣಿ ಕುಸಿಯಿತು. ಅವರು ಹಾಸಿಗೆಯೊಡನೆ ಕೆಳಗೆ ಬಿದ್ದು, ಅವಶೇಷದೊಳಗಿಂದ ಗಾಯವೆನ್ನುವಂಥದ್ದೇನೂ ಇಲ್ಲದೆ ಎದ್ದು ಬಂದರು. ಹೊರಗೆ ಸಭೆಯವರು ಕೋಪದಿಂದ ಕುದಿಯುತ್ತ ನಿಂತಿದ್ದರು. ಬಿಳಿಯರ ಮೇಲುಗೈಗಾಗಿ ಹಿಂಸೆಗಿಳಿಯುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ಗುಪ್ತಸಂಘಕ್ಕೆ ಸೇರಿದ್ದ ಪೊಲೀಸನೊಬ್ಬ ಹತ್ತಿರ ಬಂದು, ನಿಮ್ಮ ಜಾಗದಲ್ಲಿ ನಾನಿದ್ದರೆ ಬೇಗ ಊರು ಬಿಡುತ್ತಿದ್ದೆ ಎಂದು ಹಿತವಚನ ಹೇಳಿದ. ನೀವು ನಾನಲ್ಲವಲ್ಲ, ದೇವರು ಇದರಿಂದ ಉಳಿಸಿದ ಮೇಲೆ ಕೊನೆತನಕ ಇಲ್ಲೇ ಇರುತ್ತೇನೆಂದು ನಿಮ್ಮ ಕ್ಲಾನ್ ಬಂಧುಗಳಿಗೆ ತಿಳಿಸಿ ಎಂದು ಪಾಸ್ಟರು ಉತ್ತರಿಸಿದರು. ಬೆಳಗಾದೊಡನೆ ನೂರಾರು ಜನ ಬಸ್ಸು ಹತ್ತಿದರು. ಇದು ಪವಾಡವೆಂದು ಸಭೆಯವರು ನಂಬಿದರು. ನನಗೆ ಹಾಸಿಗೆಯ ಪವಾಡಕ್ಕಿಂತ ಮರುದಿನದ ಟಿಕೆಟ್ಟಿನ ಪವಾಡವೇ ದೊಡ್ಡದು.

1957ರ ಸೆಪ್ಟೆಂಬರಿನಲ್ಲಿ ತಮ್ಮ ಹೆಣ್ಣುಮಕ್ಕಳನ್ನು ಬಿಳಿಯರ ಫಿಲಿಪ್ಸ್ ಹೈಸ್ಕೂಲಿಗೆ ಸೇರಿಸಲು ಹೋದಾಗ ಗುಂಪೊಂದು ಸರಪಳಿಗಳಿಂದ ಅವರನ್ನು ಹೊಡೆಯಿತು. ಪತ್ನಿ ರೂಬಿಯವರಿಗೆ ಚೂರಿ ಇರಿತವಾಯಿತು. ತಲೆಬುರುಡೆ ಒಡೆದಿಲ್ಲವೆಂದು ಬೆರಗಾದ ವೈದ್ಯರಿಗೆ ಅವರು, ಊರು ಗಟ್ಟಿಯೆಂದು ತಿಳಿದೇ ದೇವರು ನನಗೆ ಗಟ್ಟಿ ತಲೆ ಕೊಟ್ಟಿದ್ದಾನೆ ಎಂದರಂತೆ. (ಆ ತಲೆಯ ಗಟ್ಟಿತನವನ್ನು ಮುಂದೆ ಗೆಳೆಯರೂ ಅನುಭವಿಸಿದರು.)

1963ರಲ್ಲಿ ಕಿಂಗ್ ಬರ್ಮಿಂಗ್‌ಹ್ಯಾಮಿಗೆ ಬಂದದ್ದು ಈ ಚಳವಳಿಯ ಆಹ್ವಾನದ ಮೇಲೆ. ಹೊರಗಿನವನೆಂಬ ಆಕ್ಷೇಪಕ್ಕೆ ಜೈಲಿನಿಂದ ಬರೆದ ಪತ್ರದಲ್ಲಿ ಅವರು ಮೊದಲಿಗೇ ಕೊಡುವ ಉತ್ತರವೂ ಅದೇ. ಮೇ 7ರಂದು ಅಗ್ನಿಶಾಮಕ ದಳದ ನೀರಿನ ಹೊಡೆತಕ್ಕೆ ಸಿಕ್ಕಿ ಶಟಲ್ಸ್‌ವರ್ತ್ ಆಸ್ಪತ್ರೆ ಸೇರಿದರು. ಶವದ ಗಾಡಿಯಲ್ಲಿ ಹೋಗಬೇಕಿತ್ತು ಎಂದು ಪೊಲೀಸ್ ಆಡಳಿತದ ಹೊಣೆ ಹೊತ್ತಿದ್ದ ಬುಲ್ ಕಾನರ್ ಹಲುಬಿದ. ಮರುದಿನ ಶಟಲ್ಸ್‌ವರ್ತ್, ತಮ್ಮನ್ನು ಕೇಳದೆ ಮೆರವಣಿಗೆ ನಿಲ್ಲಿಸುವ ಮಾತು ನಡೆಯುತ್ತಿದೆಯೆಂದು ತಿಳಿದು, ಆ ಸ್ಥಿತಿಯಲ್ಲೇ ಹೋಗಿ ಕಿಂಗ್ ಅವರೊಡನೆ ಜಗಳವಾಡಿದರು. ಇದನ್ನು ಅಹಂಕಾರವೆಂದು ತಳ್ಳಿಹಾಕುವವರಿದ್ದಾರೆ, ನಾನು ಒಪ್ಪುವುದಿಲ್ಲ. ಕಿಂಗ್ ಇನ್ನೊಂದು ಊರಿಗೆ ಹೋಗಬಹುದಿತ್ತು. ಮೆರವಣಿಗೆಗೆ ಇಳಿಸಿ ಜೈಲಿಗೆ ಕಳಿಸಿದ ಶಾಲಾಮಕ್ಕಳ ತಾಯ್ತಂದೆಯರಿಗೆ ಉತ್ತರ ಹೇಳಬೇಕಾದವರು ಶಟಲ್ಸ್‌ವರ್ತ್. ಮತ್ತೆ ಅದೇ ಅನ್ನದ ಋಣ.

ಈ ವಾದಕ್ಕೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡಬಾರದು. 1961ರಲ್ಲಿ ಅವರು ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿ ರೆವೆಲೇಶನ್ ಬ್ಯಾಪ್ಟಿಸ್ಟ್ ಚರ್ಚಿಗೆ ಪಾಸ್ಟರಾಗಿ ಹೋಗಿದ್ದರು. ಬರ್ಮಿಂಗ್‌ಹ್ಯಾಮಿನ ಹೋರಾಟವನ್ನು ಅಲ್ಲಿಂದಲೇ ಓಡಾಡಿಕೊಂಡು ನಡೆಸಿದರು. ಕೆಲವು ವರ್ಷಗಳಲ್ಲಿ ಅವರದು ಸರ್ವಾಧಿಕಾರವೆಂದು ಅದೇ ಸಭೆಯ ಒಂದು ಪಂಗಡ ತಿರುಗಿಬಿತ್ತು, ಬಿರುಕು ದೊಡ್ಡದಾಯಿತು, 1966ರಲ್ಲಿ ಅವರು ಹೊರಬಂದು ಗ್ರೇಟರ್ ನ್ಯೂ ಲೈಟ್ ಬ್ಯಾಪ್ಟಿಸ್ಟ್ ಚರ್ಚನ್ನು ಕಟ್ಟಿದರು. ಅನ್ನ ಹಾಕುವವರಿಗೆ ಲೆಕ್ಕ ಕೇಳುವ ಹಕ್ಕೂ ಇರುತ್ತದೆ. ಬುಲ್ ಕಾನರಿಗೆ ಬಗ್ಗದವರಿಗೆ ಇದು ಕಷ್ಟವಾಯಿತು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಊರೂರಿನ ನಡುವೆ ಓಡುವ ಬಸ್ಸುಗಳಲ್ಲಿನ ವರ್ಣಭೇದವನ್ನು ಮುರಿಯಲು ಹೊರಟಿದ್ದ ಫ್ರೀಡಂ ರೈಡರ್‌ಗಳನ್ನು ಕಾಪಾಡಿದ ಪ್ರಸಂಗವನ್ನು ಬಿಡುತ್ತಿದ್ದೇನೆ. 1988ರಲ್ಲಿ ಸಿನ್ಸಿನಾಟಿಯಲ್ಲಿ ಬಡವರು ಸ್ವಂತ ಮನೆ ಮಾಡಿಕೊಳ್ಳಲು ನೆರವಾಗುವ ಸಂಸ್ಥೆಯನ್ನು ಆರಂಭಿಸಿದರು. 2008ರಲ್ಲಿ ಬರ್ಮಿಂಗ್‌ಹ್ಯಾಮ್ ತನ್ನ ವಿಮಾನನಿಲ್ದಾಣಕ್ಕೆ ಅವರ ಹೆಸರನ್ನು ಸೇರಿಸಿತು. ಇಲ್ಲಿರುವ ಕಾನೂನು ವಿದ್ಯಾರ್ಥಿಗಳಿಗೆ, ಪರವಾನಗಿಯಿಲ್ಲದೆ ಮೆರವಣಿಗೆ ನಡೆಸಿದ ಅಪರಾಧಕ್ಕಾಗಿ ಅವರಿಗೆ ವಿಧಿಸಿದ್ದ ಶಿಕ್ಷೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ರದ್ದುಪಡಿಸಿದ ತೀರ್ಪು ಮುಖ್ಯವಾದದ್ದು. ಅದನ್ನು ಎರಡು ಮಾತಿನಲ್ಲಿ ಮುಗಿಸಲಾಗದು, ಪ್ರಶ್ನೋತ್ತರದ ಹೊತ್ತಿನಲ್ಲಿ ಕೇಳಿ, ಹೇಳುತ್ತೇನೆ. ನಮಸ್ಕಾರ.