ಬೆಕ್ಕಿನ ಆಪರೇಷನ್‌ಗೆ ಯಾವ ಮಂಪರು?

ಕೇಳುಗರೇ, ನಮಸ್ಕಾರ. ನಮ್ಮ ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಸಾಕುವ ಮನೆಗಳಲ್ಲಿ ಇಲಿ, ಹಲ್ಲಿಗಳ ಕಾಟ ನಿಮಗೆ ಗೊತ್ತೇ ಇದೆ. ಅದಕ್ಕೇ ಬೆಕ್ಕು ಸಾಕುತ್ತಾರೆ. ಮರಿ ಜಾಸ್ತಿಯಾದಾಗ ಆಪರೇಷನ್‌ಗೆ ತರುತ್ತಾರೆ. ಪಶುವೈದ್ಯನಾದ ನನ್ನನ್ನು ಎಲ್ಲರೂ ಕೇಳುವುದು ಒಂದೇ: "ಡಾಕ್ಟ್ರೇ, ಮತ್ತೆ ಎಚ್ಚರ ಆಗುತ್ತೆ ಅಲ್ವಾ?"

ಆಗಲೇಬೇಕು. ಅದಕ್ಕೇ ನಾವು ಒಂದೇ ಔಷಧಿಯನ್ನು ನೆಚ್ಚಿಕೊಳ್ಳುವುದಿಲ್ಲ. ಕೆಟಮಿನ್ ಅನ್ನುವುದು 1962ರಲ್ಲಿ ತಯಾರಾದ, ಮಂಪರು ಬರಿಸುವ ಔಷಧಿ, ಮನುಷ್ಯರಿಗೂ ಕೊಡುತ್ತಾರೆ. ಅದೊಂದನ್ನೇ ಕೊಟ್ಟರೆ ಬೆಕ್ಕಿನ ಕಾಲು ಕೋಲಿನ ಹಾಗೆ ಸೆಟೆದುಕೊಳ್ಳುತ್ತದೆ. ಹೊಟ್ಟೆ ಬಿಗಿಯಾಗಿದ್ದರೆ ಗರ್ಭಕೋಶ ಹುಡುಕುವುದೇ ಕಷ್ಟ. ಮೈ ಸಡಿಲಿಸಲು ಜೊತೆಗೆ ಇನ್ನೊಂದು ಬೇಕು.

ಜೈಲಜಿನ್ ಹಳೆಯ ಜೊತೆಗಾರ. ಅಗ್ಗ. ಮೈ ಚೆನ್ನಾಗಿ ಸಡಿಲಿಸುತ್ತದೆ. ಆದರೆ ಚುಚ್ಚಿದ ಸ್ವಲ್ಪ ಹೊತ್ತಿಗೇ ಎಷ್ಟೋ ಬೆಕ್ಕುಗಳು ವಾಂತಿ ಮಾಡುತ್ತವೆ, ಎದೆಬಡಿತವೂ ನಿಧಾನವಾಗುತ್ತದೆ. ಇನ್ನೊಂದು ಜೊತೆಗಾರ ಡಯಾಜೆಪಾಮ್ ಹೃದಯಕ್ಕೆ ಅಷ್ಟು ಹೊರೆಯಲ್ಲ, ಆದರೆ ನೋವು ತಡೆಯುವುದಿಲ್ಲ. ನೋವಿಗೆ ಬೇರೆ ಔಷಧಿ ಸೇರಿಸಲೇಬೇಕು.

ನನಗೆ ಹಿಡಿಸಿದ್ದು ಮೈ ಸಡಿಲಿಸುವ ಡೆಕ್ಸ್‌ಮೆಡೆಟೊಮಿಡಿನ್, ಕೆಟಮಿನ್, ನೋವು ತಡೆಯುವ ಬ್ಯುಟಾರ್ಫನಾಲ್ ಮೂರನ್ನೂ ಒಂದೇ ಸಿರಿಂಜಿನಲ್ಲಿ ಸೇರಿಸಿ ಸ್ನಾಯುವಿಗೆ ಕೊಡುವುದು. ಒಂದಕ್ಕೊಂದು ಕೈ ಜೋಡಿಸುವುದರಿಂದ ಪ್ರತಿಯೊಂದೂ ಕಡಿಮೆ ಸಾಕು. ಇದೂ ಎದೆಬಡಿತ ನಿಧಾನಿಸುತ್ತದೆ, ಬೆಲೆಯೂ ಜಾಸ್ತಿ. ಆದರೆ ಕೆಲಸ ಮುಗಿದ ಮೇಲೆ ಅಟಿಪಮೆಜೋಲ್ ಕೊಟ್ಟರೆ ಡೆಕ್ಸ್‌ಮೆಡೆಟೊಮಿಡಿನ್ ಇಳಿಯುತ್ತದೆ. ಅವಸರ ಮಾತ್ರ ಕೂಡದು. ಕೆಟಮಿನ್‌ಗೆ ಹಾಗೆ ಇಳಿಸುವ ಔಷಧಿ ಇಲ್ಲ. ಬೇಗ ಕೊಟ್ಟರೆ ಮೈಯಲ್ಲಿ ಕೆಟಮಿನ್ ಒಂದೇ ಉಳಿದು ಬೆಕ್ಕು ಸೆಟೆದು ಒದ್ದಾಡುತ್ತದೆ.

ಯಾವುದು ಕೊಡಬೇಕು ಅನ್ನುವುದು ಬೆಕ್ಕಿನ ಮೇಲೇ ನಿಂತಿದೆ. ಕೆಟಮಿನ್ ಬೆಕ್ಕಿನ ಮೈಯಿಂದ ಹೊರಗೆ ಹೋಗುವುದು ಮುಖ್ಯವಾಗಿ ಮೂತ್ರದಲ್ಲಿ. ಮೂತ್ರ ಕಟ್ಟಿಕೊಂಡಿದ್ದರೆ, ಕಿಡ್ನಿ ಸೋತಿದ್ದರೆ ಮೊದಲೇ ಹೇಳಿಬಿಡಿ. ಬೆಳಿಗ್ಗೆ ಏನಾದರೂ ತಿಂದಿದ್ದರೆ ಅದನ್ನೂ ಮುಚ್ಚಿಡಬೇಡಿ. ತೂಕವನ್ನು ನಾವು ಅಂದಾಜಿನಲ್ಲಿ ಹಾಕುವುದಿಲ್ಲ, ತಕ್ಕಡಿಯಲ್ಲೇ ನೋಡುತ್ತೇವೆ.

ಹೋದ ಡಿಸೆಂಬರ್‌ನಲ್ಲಿ ಒಬ್ಬ ಅಜ್ಜಿ ಬೂದು ಬಣ್ಣದ ಬೆಕ್ಕನ್ನು ಬಿದಿರು ಬುಟ್ಟಿಯಲ್ಲಿ ತಂದಿದ್ದರು. ಆಪರೇಷನ್ ಮುಗಿದಾಗ ಬೆಕ್ಕು ಕಣ್ಣು ತೆರೆದೇ ಮಲಗಿತ್ತು. "ಅಯ್ಯೋ, ಹೋಗ್ಬಿಡ್ತಾ?" ಅಂತ ಅಜ್ಜಿ ಅತ್ತೇಬಿಟ್ಟರು. ಕೆಟಮಿನ್‌ನಲ್ಲಿ ಕಣ್ಣು ಮುಚ್ಚುವುದಿಲ್ಲ, ರೆಪ್ಪೆಯೂ ಬಡಿಯುವುದಿಲ್ಲ. ಕಣ್ಣು ಒಣಗಬಾರದು ಅಂತಲೇ ಮುಲಾಮು ಹಚ್ಚಿರುತ್ತೇವೆ. ಅಜ್ಜಿಯ ಕೈ ಹಿಡಿದು ಬೆಕ್ಕಿನ ಎದೆಯ ಮೇಲೆ ಇಟ್ಟೆ. ಉಸಿರು ಏರಿ ಇಳಿಯುವುದು ಕೈಗೆ ಸಿಕ್ಕಿತು.

ಆದರೆ ಕಿವಿ ತಣ್ಣಗಿತ್ತು. ಮಂಪರಿನಲ್ಲಿ ಮೈ ಬೇಗ ತಣ್ಣಗಾಗುತ್ತದೆ, ನಂದಿ ಬೆಟ್ಟದ ಕಡೆಯ ಚಳಿ ಬೇರೆ. ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಪಕ್ಕದಲ್ಲಿ ಇಟ್ಟೆವು. ನಿಮ್ಮ ಮನೆಯಲ್ಲೂ ಹೀಗೇ ಬೆಚ್ಚಗೆ, ಸದ್ದಿಲ್ಲದ ಕಡೆ ಮಲಗಿಸಿ. ನೆಟ್ಟಗೆ ನಡೆಯುವ ತನಕ ಅಟ್ಟ ಹತ್ತಲು ಬಿಡಬೇಡಿ.

ಹೊರಡುವಾಗ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಒಳಗೆ ಪ್ಯಾರಾಸಿಟಮಾಲ್. "ನೋವಿಗೆ ಅರ್ಧ ಕೊಡ್ಲಾ?" ಅಂದರು. ನಾನು ಮಾತ್ರೆ ಇಸ್ಕೊಂಡೆ. ಆ ಅರ್ಧ ಮಾತ್ರೆ ಸಾಕು, ಬೆಕ್ಕಿನ ಪ್ರಾಣ ಹೋಗಬಹುದು. ಅದರ ಲಿವರ್‌ಗೆ ಈ ಔಷಧಿಯನ್ನು ಅರಗಿಸಿ ಹೊರಹಾಕುವ ಶಕ್ತಿ ಇಲ್ಲ. ನೋವಿಗೆ ಬೆಕ್ಕಿನದೇ ಔಷಧಿ ಇದೆ, ನಮ್ಮನ್ನೇ ಕೇಳಿ. ನಮಸ್ಕಾರ.