ಯಾವ ಕಾರ್ಡು ತಿರುಗಿಸುತ್ತೀರಿ?

ಕೇಳುಗರೆಲ್ಲರಿಗೂ ನಮಸ್ಕಾರ. ಹತ್ತಿರದಲ್ಲಿ ಕಾಗದ, ಪೆನ್ನು ಇದ್ದರೆ ತಗೊಳ್ಳಿ. ಇಲ್ಲದಿದ್ದರೂ ಪರವಾಗಿಲ್ಲ, ನಾಲ್ಕೇ ನಾಲ್ಕು ಸಂಗತಿ ನೆನಪಿಟ್ಟುಕೊಂಡರೆ ಸಾಕು.

ಮೇಜಿನ ಮೇಲೆ ನಾಲ್ಕು ಕಾರ್ಡುಗಳಿವೆ. ಪ್ರತಿ ಕಾರ್ಡಿಗೂ ಒಂದು ಬದಿಯಲ್ಲಿ ಅಕ್ಷರ, ಇನ್ನೊಂದು ಬದಿಯಲ್ಲಿ ಅಂಕಿ. ನಮಗೆ ಕಾಣುವುದು ಮೇಲಿನ ಬದಿ ಮಾತ್ರ. ಮೊದಲ ಕಾರ್ಡಿನಲ್ಲಿ ‘ಅ’ ಇದೆ. ಎರಡನೆಯದರಲ್ಲಿ ‘ಕ’. ಮೂರನೆಯದರಲ್ಲಿ 4. ನಾಲ್ಕನೆಯದರಲ್ಲಿ 7. ಈಗ ನಾನೊಂದು ಮಾತು ಹೇಳುತ್ತೇನೆ: ಕಾರ್ಡಿನ ಒಂದು ಬದಿಯಲ್ಲಿ ಸ್ವರ ಇದ್ದರೆ ಇನ್ನೊಂದು ಬದಿಯಲ್ಲಿ ಸಮಸಂಖ್ಯೆ ಇರುತ್ತದೆ. ನಾನು ಹೇಳಿದ್ದು ನಿಜವೋ ಸುಳ್ಳೋ ಅಂತ ನೀವು ಪರೀಕ್ಷೆ ಮಾಡಬೇಕು. ಯಾವ ಯಾವ ಕಾರ್ಡು ತಿರುಗಿಸುತ್ತೀರಿ? ಬೇಕಾದಷ್ಟನ್ನೇ ತಿರುಗಿಸಬೇಕು. ಒಂದೂ ಜಾಸ್ತಿ ಇಲ್ಲ, ಒಂದೂ ಕಡಿಮೆ ಇಲ್ಲ.

ನೀವು ಯೋಚಿಸುತ್ತಿರಿ. ಅಷ್ಟರಲ್ಲಿ ಈ ಪ್ರಶ್ನೆ ಎಲ್ಲಿಂದ ಬಂತು ಅಂತ ಹೇಳಿಬಿಡುತ್ತೇನೆ. 1966ರಲ್ಲಿ ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞರು ಇದನ್ನು ಪ್ರಕಟಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕೆಲಸ ಮಾಡುತ್ತಿದ್ದವರು. ಅವರು ಕೇಳಿದ್ದು ಚಿಕ್ಕ ಮಕ್ಕಳನ್ನಲ್ಲ, ಕಾಲೇಜು ಓದುವವರನ್ನು. ಆಮೇಲೆ ಈ ಪ್ರಶ್ನೆಯನ್ನು ಊರೂರಲ್ಲಿ ಕೇಳಿದ್ದಾರೆ. ಸರಿಯಾದ ಉತ್ತರ ಬರುವುದು ಹೆಚ್ಚುಕಡಿಮೆ ಹತ್ತರಲ್ಲಿ ಒಬ್ಬರಿಂದ.

ಜಾಸ್ತಿ ಜನ ಹೇಳುವ ಉತ್ತರ ‘ಅ’ ಮತ್ತು 4. ಇಲ್ಲವೇ ಬರೀ ‘ಅ’. ಸರಿಯಾದದ್ದು ‘ಅ’ ಮತ್ತು 7.

‘ಅ’ ಯಾಕೆ ಅಂತ ಎಲ್ಲರಿಗೂ ಗೊತ್ತು. ಅದರ ಹಿಂದೆ ಬೆಸಸಂಖ್ಯೆ ಇದ್ದರೆ ನನ್ನ ಮಾತು ಸುಳ್ಳಾಯಿತು. ಇನ್ನು 4 ನೋಡಿ. ಅದರ ಹಿಂದೆ ಸ್ವರ ಇರಲಿ, ವ್ಯಂಜನ ಇರಲಿ, ನನ್ನ ಮಾತಿಗೆ ಏನೂ ಆಗುವುದಿಲ್ಲ. ವ್ಯಂಜನದ ಹಿಂದೆ ಸಮಸಂಖ್ಯೆ ಇರಬಾರದು ಅಂತ ನಾನು ಹೇಳಿಯೇ ಇಲ್ಲವಲ್ಲ. ಆದರೆ 7ರ ಹಿಂದೆ ಒಂದು ‘ಈ’ ಇತ್ತು ಅಂದುಕೊಳ್ಳಿ. ಅಲ್ಲಿಗೆ ನನ್ನ ಮಾತು ಬಿದ್ದುಹೋಯಿತು. ಹಾಗಾಗಿ ನೋಡಲೇಬೇಕಾದದ್ದು 7. ಅದನ್ನೇ ಯಾರೂ ಮುಟ್ಟುವುದಿಲ್ಲ.

ವೇಸನ್ ಮತ್ತು ಅವರ ಜೊತೆಯವರು ಕೆಲವರನ್ನು ಕೂರಿಸಿಕೊಂಡು, 7ರ ಕಾರ್ಡು ತಿರುಗಿಸಿ, ಹಿಂದೆ ಸ್ವರ ಇರುವುದನ್ನು ತೋರಿಸಿದರು. ಆಗಲೂ ಕೆಲವರು ‘ಅದು ಬೇರೆ ವಿಷಯ’ ಅಂತ ವಾದಕ್ಕೇ ನಿಂತರು. ಪಾಠ ಮಾಡುವವರಿಗೆ ಇದೇನೂ ಹೊಸದಲ್ಲ, ಅಲ್ವಾ?

ಪಿಯುಸಿ ಮಕ್ಕಳಿಗೆ ತರ್ಕ ಹೇಳಿಕೊಡುವುದು ನನ್ನ ಕೆಲಸ. ನಮ್ಮಲ್ಲಿ ಆರ್ಟ್ಸ್ ತಗೊಂಡವರಿಗೆ ತರ್ಕಶಾಸ್ತ್ರ ಅಂತಲೇ ಒಂದು ವಿಷಯ ಇದೆ. ಕಾಮರ್ಸ್ ಮಕ್ಕಳ ಬೇಸಿಕ್ ಮ್ಯಾಥ್ಸ್‌ನಲ್ಲೂ ತರ್ಕದ ಪಾಠ ಬರುತ್ತದೆ. ಪರೀಕ್ಷೆಯಲ್ಲಿ ಏನು ಕೇಳುತ್ತೇವೆ? ಟ್ರೂತ್ ಟೇಬಲ್, ಅಂದರೆ ಒಂದು ಮಾತು ಯಾವಾಗ ನಿಜ, ಯಾವಾಗ ಸುಳ್ಳು ಅಂತ ತೋರಿಸುವ ಪಟ್ಟಿ, ಬರೆಯಿರಿ ಅಂತೀವಿ. ‘ಪಿ ಆದರೆ ಕ್ಯೂ’ ಅನ್ನುವುದಕ್ಕೆ ನಾಲ್ಕು ಸಾಲು. ಅದರಲ್ಲಿ ಮೂರು ಸಾಲು ನಿಜ, ಒಂದೇ ಒಂದು ಸಾಲು ಸುಳ್ಳು: ಪಿ ನಿಜವಾಗಿ ಕ್ಯೂ ಸುಳ್ಳಾದಾಗ. ಮಕ್ಕಳು ಇದನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರೆಯುತ್ತಾರೆ. ಪೂರ್ತಿ ಅಂಕ ಕೊಟ್ಟು ಕಳಿಸುತ್ತೇವೆ.

ಈಗ ಕಾರ್ಡುಗಳ ಕಡೆ ಬನ್ನಿ. ಅಲ್ಲಿ ಕೇಳಿದ್ದೂ ಅದನ್ನೇ. ಆ ಒಂದು ಸುಳ್ಳು ಸಾಲು ಯಾವ ಕಾರ್ಡಿನಲ್ಲಿ ಅಡಗಿರಬಹುದು ಅಂತ. ಪಿ ಅಂದರೆ ‘ಸ್ವರ ಇದೆ’, ಕ್ಯೂ ಅಂದರೆ ‘ಸಮಸಂಖ್ಯೆ ಇದೆ’. ‘ಅ’ ಕಾರ್ಡಿನಲ್ಲಿ ಪಿ ನಿಜ ಅಂತ ಕಾಣುತ್ತಿದೆ, 7ರಲ್ಲಿ ಕ್ಯೂ ಸುಳ್ಳು ಅಂತ ಕಾಣುತ್ತಿದೆ. ಸುಳ್ಳು ಸಾಲು ಅವೆರಡರಲ್ಲಿ ಬಿಟ್ಟು ಬೇರೆಲ್ಲೂ ಇರಲು ಸಾಧ್ಯವಿಲ್ಲ. ಟೇಬಲ್ ತುಂಬಿಸಿದ ಅದೇ ಹುಡುಗ, ಅದೇ ಪೆನ್ನಿನಲ್ಲಿ, ಇಲ್ಲಿ ‘ಅ’ ಮತ್ತು 4 ಅಂತ ಬರೆಯುತ್ತಾನೆ.

ಇದು ನಮ್ಮ ಮಕ್ಕಳ ಕತೆ ಮಾತ್ರ ಅಂತ ತಿಳಿಯಬೇಡಿ. 1986ರಲ್ಲಿ ಪೆಟ್ರಿಷಿಯಾ ಚೆಂಗ್, ಕೀತ್ ಹೋಲಿಯೋಕ್, ರಿಚರ್ಡ್ ನಿಸ್ಬೆಟ್ ಮತ್ತು ಲಿಂಡ್ಸೆ ಆಲಿವರ್ ಅಮೆರಿಕದ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಒಂದು ಸೆಮಿಸ್ಟರ್ ಪೂರ್ತಿ ತರ್ಕಶಾಸ್ತ್ರದ ಕೋರ್ಸ್ ಮುಗಿಸಿ ಬಂದವರೂ ಇಂಥ ಕಾರ್ಡಿನ ಪ್ರಶ್ನೆಗಳಲ್ಲಿ ಹೇಳಿಕೊಳ್ಳುವಷ್ಟು ಸುಧಾರಿಸಿರಲಿಲ್ಲ.

ಮಕ್ಕಳು 4 ಯಾಕೆ ತಿರುಗಿಸುತ್ತಾರೆ? ದಡ್ಡತನದಿಂದ ಖಂಡಿತ ಅಲ್ಲ. ‘ಫಸ್ಟ್ ಕ್ಲಾಸ್ ಬಂದರೆ ಮೊಬೈಲ್ ಕೊಡಿಸ್ತೀನಿ’ ಅಂತ ಅಪ್ಪ ಹೇಳಿದರೆ ಮಗನ ಕಿವಿಗೆ ಬೀಳುವುದು ಎರಡು ಮಾತು. ಬಂದರೆ ಕೊಡಿಸ್ತಾರೆ, ಬರದಿದ್ದರೆ ಇಲ್ಲ. ಅಪ್ಪ ಬಾಯಲ್ಲಿ ಹೇಳಿದ್ದು ಒಂದೇ. ಸೆಕೆಂಡ್ ಕ್ಲಾಸ್ ಬಂದ ಮೇಲೂ ಪಾಪ ಅಂತ ಕೊಡಿಸಿದರೆ ಅಪ್ಪ ಸುಳ್ಳು ಹೇಳಿದ ಹಾಗೆ ಆಗುವುದಿಲ್ಲ. ಆದರೆ ಮನೆಯ ಮಾತು ನಡೆಯುವುದೇ ಹೀಗೆ, ಹೇಳದೆ ಬಿಟ್ಟದ್ದನ್ನೂ ಸೇರಿಸಿ ಕೇಳಿಸಿಕೊಳ್ಳುತ್ತೇವೆ. 1971ರಲ್ಲೇ ಮೈಕೆಲ್ ಗೈಸ್ ಮತ್ತು ಆರ್ನಾಲ್ಡ್ ಝ್ವಿಕಿ ಎಂಬ ಭಾಷಾಶಾಸ್ತ್ರಜ್ಞರು ಈ ಅಭ್ಯಾಸದ ಬಗ್ಗೆ ಬರೆದಿದ್ದಾರೆ. ಕಾರ್ಡಿನ ವಿಷಯದಲ್ಲೂ ಹಾಗೇ, ‘ಸ್ವರ ಇಲ್ಲದಿದ್ದರೆ ಸಮಸಂಖ್ಯೆ ಇಲ್ಲ’ ಅಂತಲೂ ಕೇಳಿಸಿಕೊಂಡವರು 4 ತಿರುಗಿಸುತ್ತಾರೆ. ಮನೆಯಲ್ಲಿ ಇದು ಜಾಣತನ. ತರ್ಕದ ಪರೀಕ್ಷೆಯಲ್ಲಿ ಸೊನ್ನೆ.

ನಮ್ಮ ನ್ಯಾಯ ದರ್ಶನದವರಿಗೆ, ಅಂದರೆ ಹಳೆಯ ಕಾಲದ ನಮ್ಮ ತರ್ಕಪಂಡಿತರಿಗೆ, ಈ ಗುಂಡಿ ಎಲ್ಲಿದೆ ಅಂತ ಚೆನ್ನಾಗಿ ಗೊತ್ತಿತ್ತು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಇದು ಅವರು ಮತ್ತೆ ಮತ್ತೆ ಕೊಡುವ ಉದಾಹರಣೆ, ಕೇಳಿರುತ್ತೀರಿ. ಅದರ ಜೋಡಿಯನ್ನು ಮಾತ್ರ ಜಾಸ್ತಿ ಜನ ಕೇಳಿರುವುದಿಲ್ಲ. ಬೆಟ್ಟದ ಮೇಲೆ ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ ಅಂದರೆ? ಸಲ್ಲದು ಅನ್ನುತ್ತಾರೆ. ಯಾಕೆ? ಕುಲುಮೆಯಲ್ಲಿ ಕಾದು ಕೆಂಪಾದ ಕಬ್ಬಿಣದ ಗುಂಡನ್ನು ನೋಡಿ. ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಗೆ ಹಸಿ ಸೌದೆ ಸೇರಿದರೆ ತಾನೇ ಹೊಗೆ. ಮಾತನ್ನು ತಿರುಗಿಸಿ ಹೇಳಿದರೆ ಅದು ಬೇರೆಯೇ ಮಾತಾಗುತ್ತದೆ ಅನ್ನುವುದನ್ನು ಒಂದು ಕಬ್ಬಿಣದ ಗುಂಡಿನಿಂದ ತೋರಿಸಿಬಿಟ್ಟರು. ನನ್ನ ಪ್ರಕಾರ ಟ್ರೂತ್ ಟೇಬಲ್‌ಗಿಂತ ಮೊದಲು ಹೇಳಿಕೊಡಬೇಕಾದ ಪಾಠ ಇದು.

ಸರಿ, ಈಗ ಕಾರ್ಡು ಬಿಟ್ಟು ಬಸ್ಸು ಹತ್ತೋಣ. 2023ರ ಜೂನ್ 11ರಿಂದ ನಮ್ಮ ರಾಜ್ಯದಲ್ಲಿ ಶಕ್ತಿ ಯೋಜನೆ ಇದೆ. ಕರ್ನಾಟಕದ ವಿಳಾಸ ಇರುವ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಫ್ರೀ ಟಿಕೆಟ್. ಹಾಸನದಿಂದ ಮೈಸೂರಿಗೆ ಹೋಗುವ ಬಸ್ಸು. ನಡುವೆ ಚೆಕಿಂಗ್‌ನವರು ಹತ್ತಿದರು. ನಾಲ್ಕು ಜನ ಹೆಂಗಸರು ಕೂತಿದ್ದಾರೆ. ಮೊದಲನೆಯವರ ಕೈಯಲ್ಲಿ ಫ್ರೀ ಟಿಕೆಟ್ ಇದೆ, ಊರು ಯಾವುದು ಗೊತ್ತಿಲ್ಲ. ಎರಡನೆಯವರು ದುಡ್ಡು ಕೊಟ್ಟು ಟಿಕೆಟ್ ತಗೊಂಡಿದ್ದಾರೆ. ಮೂರನೆಯವರು ಕರ್ನಾಟಕದ ವಿಳಾಸ ಇರುವ ಆಧಾರ್ ಹಿಡಿದಿದ್ದಾರೆ, ಟಿಕೆಟ್ ಪರ್ಸಿನಲ್ಲಿದೆ. ನಾಲ್ಕನೆಯವರ ಆಧಾರ್‌ನಲ್ಲಿ ಕೇರಳದ ವಿಳಾಸ, ಟಿಕೆಟ್ ಪರ್ಸಿನಲ್ಲಿದೆ. ಎಲ್ಲರ ಹತ್ತಿರವೂ ಟಿಕೆಟ್ ಇರುವುದು ಖಾತ್ರಿ. ನಿಯಮ ಇಷ್ಟೇ: ಫ್ರೀ ಟಿಕೆಟ್ ಇದ್ದರೆ ಕರ್ನಾಟಕದ ವಿಳಾಸ ಇರಬೇಕು. ಯಾರನ್ನು ವಿಚಾರಿಸಬೇಕು?

ಇದಕ್ಕೆ ಯಾರೂ ತಲೆ ಕೆರೆದುಕೊಳ್ಳುವುದಿಲ್ಲ. ಮೊದಲನೆಯವರ ಆಧಾರ್ ನೋಡಬೇಕು, ನಾಲ್ಕನೆಯವರ ಟಿಕೆಟ್ ನೋಡಬೇಕು. ಕರ್ನಾಟಕದವರು ಯಾವ ಟಿಕೆಟ್ ತಗೊಂಡರೆ ನಮಗೇನು? ಅವರೇ ದುಡ್ಡು ಕೊಟ್ಟಿದ್ದರೂ ನಿಯಮ ಮುರಿದಂತಾಗಲಿಲ್ಲ. ಗಮನಿಸಿದಿರಾ? ಫ್ರೀ ಟಿಕೆಟ್ ಅಂದರೆ ‘ಅ’. ದುಡ್ಡಿನ ಟಿಕೆಟ್ ಅಂದರೆ ‘ಕ’. ಕರ್ನಾಟಕದ ವಿಳಾಸ 4. ಕೇರಳದ ವಿಳಾಸ 7. ಪ್ರಶ್ನೆ ಅದೇ, ವೇಷ ಬೇರೆ.

ಅಮೆರಿಕದ ಫ್ಲಾರಿಡಾದಲ್ಲಿ ರಿಚರ್ಡ್ ಗ್ರಿಗ್ಸ್ ಮತ್ತು ಜೇಮ್ಸ್ ಕಾಕ್ಸ್ 1982ರಲ್ಲಿ ಪ್ರಕಟಿಸಿದ್ದೂ ಇಂಥದ್ದೇ. ಅವರ ಪ್ರಶ್ನೆ ಬಿಯರ್ ಕುಡಿಯುವವರ ವಯಸ್ಸಿನದ್ದು. ‘ಬಿಯರ್ ಕುಡಿಯುತ್ತಿದ್ದರೆ 19 ದಾಟಿರಬೇಕು’ ಎಂಬ ನಿಯಮ, ವಿದ್ಯಾರ್ಥಿಗಳು ಪೊಲೀಸರ ಜಾಗದಲ್ಲಿ. ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಸರಿ ಹೇಳಿದರು. ಅಕ್ಷರ, ಅಂಕಿಯ ಕಾರ್ಡು ಕೊಟ್ಟಾಗ ಅಲ್ಲೂ ಬಹುಪಾಲು ಎಲ್ಲರೂ ತಪ್ಪಿದರು.

ಹಾಗಾದರೆ ಬಸ್ಸಿನ ಪ್ರಶ್ನೆಗೆ ಸರಿ ಉತ್ತರ ಕೊಟ್ಟವನಿಗೆ ತರ್ಕ ಗೊತ್ತು ಅನ್ನಬಹುದೇ? ಇಲ್ಲಿ ವಿದ್ವಾಂಸರೇ ಜಗಳ ಆಡಿದ್ದಾರೆ. ಲೀಡಾ ಕಾಸ್ಮಿಡೀಸ್ 1989ರಲ್ಲಿ ವಾದಿಸಿದ್ದು ಏನೆಂದರೆ, ಇಲ್ಲಿ ಕೆಲಸ ಮಾಡುವುದು ತರ್ಕ ಅಲ್ಲ, ಮೋಸ ಮಾಡುವವರನ್ನು ಹಿಡಿಯುವ ನಮ್ಮ ಹುಟ್ಟುಗುಣ. ಬೇರೆಯವರು ಒಪ್ಪಲಿಲ್ಲ. ಆ ಜಗಳ ಅವರಿಗಿರಲಿ. ಪ್ರಶ್ನೆಪತ್ರಿಕೆ ತೆಗೆಯುವ ಮೇಷ್ಟರಿಗೆ ಬೇರೆ ಚಿಂತೆ. ಬರೀ ಬಸ್ಸಿನ ಪ್ರಶ್ನೆ ಕೊಟ್ಟರೆ ತರಗತಿಯೆಲ್ಲ ಪಾಸು. ಬರೀ ಕಾರ್ಡಿನದು ಕೊಟ್ಟರೆ ತರಗತಿಯೆಲ್ಲ ಫೇಲು. ಎರಡರಿಂದಲೂ ಯಾರಿಗೆ ಏನು ಗೊತ್ತು ಅಂತ ತಿಳಿಯುವುದಿಲ್ಲ.

ಅದಕ್ಕೇ ನಾನು ಎರಡನ್ನೂ ಕೊಟ್ಟು, ಕೆಳಗೆ ಮೂರನೆಯದೊಂದು ಸೇರಿಸುತ್ತೇನೆ: ಈ ಎರಡು ಪ್ರಶ್ನೆಗಳೂ ಒಂದೇ ಎಂದು ತೋರಿಸಿ. ಜಾಸ್ತಿ ಅಂಕ ಇರುವುದು ಇದಕ್ಕೆ. ಒಬ್ಬ ಹುಡುಗಿ ಇದಕ್ಕೆ ಎರಡೇ ಸಾಲು ಬರೆದಿದ್ದಳು. ‘7 ಅಂದರೆ ಕೇರಳದವರು. ಅವರ ಟಿಕೆಟ್ ನೋಡದೆ ಬಿಟ್ಟರೆ ಚೆಕಿಂಗ್ ಮಾಡಿ ಏನು ಪ್ರಯೋಜನ?’ ಪಿ, ಕ್ಯೂ ಒಂದೂ ಇಲ್ಲ. ಪೂರ್ತಿ ಅಂಕ ಕೊಟ್ಟೆ. ಮೇಲಿನ ಕಾರ್ಡಿನ ಪ್ರಶ್ನೆಯಲ್ಲಿ ‘ಅ, 4’ ಅಂತ ಬರೆದು, ಆಮೇಲೆ 4ನ್ನು ಹೊಡೆದುಹಾಕಿ 7 ಮಾಡಿದ್ದಳು. ಆ ಕಾಟು ನೋಡಿಯೇ ನನಗೆ ಖುಷಿ ಆಯಿತು. ಮೂರನೇ ಪ್ರಶ್ನೆ ಅವಳಿಗೆ ಪಾಠವನ್ನೂ ಮಾಡಿತ್ತು.

ಇನ್ನೊಂದು ಮಾತು. ನಾಲ್ಕು ಆಯ್ಕೆ ಕೊಟ್ಟು ಸರಿ ಗುರುತು ಹಾಕಿಸಿದರೆ ಕಣ್ಣು ಮುಚ್ಚಿ ಹಾಕಿದವನಿಗೂ ನಾಲ್ಕರಲ್ಲಿ ಒಂದು ಪಾಲು ಅದೃಷ್ಟ ಇರುತ್ತದೆ. ಕಾರ್ಡುಗಳನ್ನೇ ಆರಿಸಲು ಬಿಟ್ಟರೆ, ಒಂದನ್ನೂ ಮುಟ್ಟದಿರುವುದೂ ಸೇರಿ, 16 ಬಗೆಯಲ್ಲಿ ಉತ್ತರ ಬರೆಯಬಹುದು. ತಪ್ಪು ಯಾವ ಥರದ್ದು ಅಂತಲೂ ಗೊತ್ತಾಗುತ್ತದೆ.

ಪ್ರಶ್ನೆ ತೆಗೆಯುವವರು ಎಡವುವ ಇನ್ನೊಂದು ಜಾಗ ಇದೆ. ಕೇಳಿ. ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಕೋರ್ಟ್ ಇದೆ. ಹಾಸನದಲ್ಲಿ ಕೋರ್ಟ್ ಇದೆ. ಆದ್ದರಿಂದ ಹಾಸನ ಜಿಲ್ಲಾ ಕೇಂದ್ರ. ಸರಿ ಅನಿಸಿತು, ಅಲ್ವಾ? ಹಾಸನ ಜಿಲ್ಲಾ ಕೇಂದ್ರ ಹೌದು. ಆದರೆ ವಾದ ಸರಿಯಿಲ್ಲ. ಹಾಸನದ ಜಾಗದಲ್ಲಿ ಸಕಲೇಶಪುರ ಹಾಕಿ ನೋಡಿ. ಅಲ್ಲೂ ಕೋರ್ಟ್ ಇದೆ, ಅದು ತಾಲ್ಲೂಕು ಕೇಂದ್ರ. ಈಗ ಇದನ್ನು ಕೇಳಿ. ಎಲ್ಲ ಹಕ್ಕಿಗಳೂ ಹಾಲು ಕೊಡುತ್ತವೆ. ಕಾಗೆ ಒಂದು ಹಕ್ಕಿ. ಆದ್ದರಿಂದ ಕಾಗೆ ಹಾಲು ಕೊಡುತ್ತದೆ. ಮಕ್ಕಳು ನಕ್ಕು ‘ತಪ್ಪು’ ಅಂತ ಬರೆಯುತ್ತಾರೆ. ಮಾತು ಸುಳ್ಳು, ಆದರೆ ವಾದ ಗಟ್ಟಿ. ಮೊದಲೆರಡು ಮಾತು ಒಪ್ಪಿದವನು ಮೂರನೆಯದನ್ನು ಒಪ್ಪಲೇಬೇಕು. 1983ರಲ್ಲಿ ಜೊನಾಥನ್ ಇವಾನ್ಸ್ ಮತ್ತು ಜೊತೆಗಾರರು ಇಂಥವನ್ನು ಪರೀಕ್ಷಿಸಿದರು. ವಾದ ತಪ್ಪಿದ್ದರೂ ತೀರ್ಮಾನ ನಂಬುವಂತಿದ್ದರೆ ಹತ್ತರಲ್ಲಿ ಏಳು ಸಲ ಜನ ಒಪ್ಪಿಕೊಂಡರು. ವಾದ ಅಷ್ಟೇ ತಪ್ಪು, ತೀರ್ಮಾನವೂ ನಂಬುವಂತಿಲ್ಲ ಅಂದಾಗ ಹತ್ತರಲ್ಲಿ ಒಂದು ಸಲ. ಹಾಗಾಗಿ ನಿಜವಾದ ತೀರ್ಮಾನಕ್ಕೆ ಸರಿಯಾದ ವಾದ, ಸುಳ್ಳು ತೀರ್ಮಾನಕ್ಕೆ ತಪ್ಪು ವಾದ, ಇಂಥವನ್ನೇ ಪ್ರಶ್ನೆಪತ್ರಿಕೆ ತುಂಬ ಹಾಕಿದರೆ ನಾವು ಪರೀಕ್ಷಿಸುವುದು ಸಾಮಾನ್ಯ ಜ್ಞಾನವನ್ನು.

ನಿಷೇಧ, ಅಂದರೆ ಕೊಟ್ಟ ಮಾತನ್ನು ಅಲ್ಲಗಳೆಯುವ ಮಾತು, ಬರೆಯಿರಿ ಅನ್ನುವ ಪ್ರಶ್ನೆಯಲ್ಲೂ ಎಚ್ಚರ ಬೇಕು. ‘ಎಲ್ಲ ವಿದ್ಯಾರ್ಥಿಗಳೂ ಪಾಸಾದರು’ ಎಂಬುದಕ್ಕೆ ಬಹಳ ಮಂದಿ ‘ಎಲ್ಲರೂ ಫೇಲಾದರು’ ಅಂತ ಬರೆಯುತ್ತಾರೆ. ಅದು ತಪ್ಪು. ‘ಒಬ್ಬರಾದರೂ ಫೇಲಾದರು’ ಅಂದರೆ ಸಾಕು. ತಲೆನೋವು ಕೊಡುವುದು ‘ಎಲ್ಲರೂ ಪಾಸಾಗಲಿಲ್ಲ’ ಅಂತ ಬರೆದವನು. ಯಾರೂ ಪಾಸಾಗಲಿಲ್ಲ ಅಂತಲೋ, ಕೆಲವರು ಆಗಲಿಲ್ಲ ಅಂತಲೋ? ಎರಡೂ ಆಗಬಹುದು. ಅಂಥವನನ್ನು ಕರೆದು ಬಾಯಲ್ಲಿ ಕೇಳಿ. ಪೇಪರ್ ನೋಡಿ ತೀರ್ಮಾನ ಮಾಡಬೇಡಿ.

ಕೊನೆಗೆ ಒಂದು ಪುಟ್ಟ ಪ್ರಶ್ನೆ. ಇದು ಕೆನಡಾದ ಕಂಪ್ಯೂಟರ್ ವಿಜ್ಞಾನಿ ಹೆಕ್ಟರ್ ಲೆವೆಸ್ಕ್ ಅವರ ಹೆಸರಿನಲ್ಲಿ ಓಡಾಡುತ್ತದೆ. ಹೆಸರು ಬದಲಾಯಿಸಿದ್ದೇನೆ. ಗಿರೀಶ ಲತಾಳನ್ನು ನೋಡುತ್ತಿದ್ದಾನೆ. ಲತಾ ಮಂಜುವನ್ನು ನೋಡುತ್ತಿದ್ದಾಳೆ. ಗಿರೀಶನಿಗೆ ಮದುವೆ ಆಗಿದೆ. ಮಂಜುವಿಗೆ ಆಗಿಲ್ಲ. ಮದುವೆ ಆದವರೊಬ್ಬರು ಮದುವೆ ಆಗದವರೊಬ್ಬರನ್ನು ನೋಡುತ್ತಿದ್ದಾರೆಯೇ? ಹೌದು, ಇಲ್ಲ, ಹೇಳಲಾಗದು. ಬಹುಪಾಲು ಜನ ‘ಹೇಳಲಾಗದು’ ಅನ್ನುತ್ತಾರೆ. ಲತಾಳ ವಿಷಯ ಗೊತ್ತಿಲ್ಲವಲ್ಲ ಅಂತ.

ಲತಾಳಿಗೆ ಮದುವೆ ಆಗಿದ್ದರೆ ಅವಳು ಮಂಜುವನ್ನು ನೋಡುತ್ತಿದ್ದಾಳೆ. ಆಗಿಲ್ಲದಿದ್ದರೆ ಗಿರೀಶ ಅವಳನ್ನು ನೋಡುತ್ತಿದ್ದಾನೆ. ಹೇಗಿದ್ದರೂ ಉತ್ತರ ಹೌದು. ಮೇಷ್ಟರುಗಳಿಗೆ ಒಂದು ಸಲಹೆ: ಈ ಪ್ರಶ್ನೆ ಕೊಡುವಾಗ ‘ಹೇಳಲಾಗದು’ ಅನ್ನುವ ಆಯ್ಕೆಯನ್ನು ತೆಗೆಯಬೇಡಿ. ತೆಗೆದರೆ ಎರಡೂ ಸಾಧ್ಯತೆ ಹಿಡಿದು ನೋಡಲೇಬೇಕು ಅಂತ ನೀವೇ ಸುಳಿವು ಕೊಟ್ಟ ಹಾಗೆ. ಹಾಗೇ ಇದರ ಪಕ್ಕದಲ್ಲಿ, ನಿಜವಾಗಿಯೂ ಹೇಳಲಾಗದ ಪ್ರಶ್ನೆಯೊಂದನ್ನೂ ಇಡಿ. ಇಲ್ಲದಿದ್ದರೆ ಮುಂದಿನ ವರ್ಷದ ಮಕ್ಕಳು ಆ ಆಯ್ಕೆಯನ್ನು ಓದುವುದೇ ಇಲ್ಲ. ನಮಸ್ಕಾರ.