ಮಾತನಾಡುವ ಗೊಂಬೆಗೆ ಜೋಕರ್ ವೇಷ

ಕೇಳುಗರಿಗೆ ನಮಸ್ಕಾರ.

ತುಟಿ ಅಲುಗಿಸದೆ ಗೊಂಬೆಯನ್ನು ಮಾತನಾಡಿಸುವ ವೆಂಟ್ರಿಲಾಕ್ವಿಸಂ ಕಲೆಯನ್ನು ಕಲಿಯಹೊರಟವರಿಗೆ ಮೊದಲು ಎದುರಾಗುವ ಪ್ರಶ್ನೆ, ಗೊಂಬೆ ಯಾರಾಗಿರಬೇಕು ಎಂಬುದು. ತುಂಟ ಹುಡುಗ, ಗೊಣಗುವ ಅಜ್ಜ, ಗಿಳಿ, ಕೋತಿ ಎಲ್ಲವೂ ರೂಢಿಯಲ್ಲಿವೆ. ಹೊಸಬರಿಗೆ ನಾನು ಸೂಚಿಸುವುದು ಸರ್ಕಸ್ಸಿನ ಹಳೆಯ ಜೋಕರನ್ನು. ಕಲಿಯುವವರ ತಪ್ಪುಗಳನ್ನು ತನ್ನದೇ ಸ್ವಭಾವವೆಂಬಂತೆ ಅವನಷ್ಟು ಸಲೀಸಾಗಿ ಹೊತ್ತುಕೊಳ್ಳುವ ಪಾತ್ರ ಇನ್ನೊಂದಿಲ್ಲ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಹೊಸದಾಗಿ ಗೆಜ್ಜೆ ಕಟ್ಟಿದ ಹುಡುಗರನ್ನು ಪೂರ್ವರಂಗದ ಕೋಡಂಗಿ ವೇಷದಲ್ಲಿ ರಂಗಕ್ಕೆ ಕಳುಹಿಸುವ ಪದ್ಧತಿಯ ಹಿಂದೆಯೂ ಇಂಥದೇ ವಿವೇಕ ಇದ್ದಿರಬೇಕು.

ಈ ಕಲೆಯ ಮುಖ್ಯ ತೊಡಕು ಉಚ್ಚಾರದ್ದು. ಪ, ಬ, ಮ ಅಕ್ಷರಗಳಿಗೆ ಎರಡು ತುಟಿಗಳೂ ಕೂಡಬೇಕು. ವ ಅಕ್ಷರಕ್ಕೆ ಕೆಳದುಟಿ ಹಲ್ಲಿನತ್ತ ಏರಬೇಕು. ಉ, ಒ ಸ್ವರಗಳಿಗೆ ತುಟಿ ದುಂಡಗಾಗಬೇಕು. ಅಂದರೆ ಅಮ್ಮ, ಅಪ್ಪ, ಬೇಕು, ಬೇಡ ಎಂಬ ದಿನಬಳಕೆಯ ಮಾತುಗಳೇ ಕನ್ನಡದ ಗೊಂಬೆಗೆ ಕಷ್ಟ. ಹಲ್ಲುಗಳ ನಡುವೆ ತುಸುವೇ ಸಂದು ಬಿಟ್ಟು, ತುಟಿಗಳನ್ನು ಸಡಿಲವಾಗಿಟ್ಟು, ನಾಲಿಗೆಯ ತುದಿಯನ್ನು ಮೇಲಿನ ಹಲ್ಲುಗಳ ಹಿಂದೆ ಒತ್ತಿ ಪಕಾರದ ಸ್ಥಾನದಲ್ಲಿ ತಕಾರವನ್ನು, ಬಕಾರದ ಸ್ಥಾನದಲ್ಲಿ ದಕಾರವನ್ನು, ಮಕಾರದ ಸ್ಥಾನದಲ್ಲಿ ನಕಾರವನ್ನು ಮೆಲ್ಲಗೆ ನುಡಿಯುವುದು ರೂಢಿಯ ಉಪಾಯ. ಮೂಲ ಅಕ್ಷರವನ್ನೇ ಮನಸ್ಸಿನಲ್ಲಿಟ್ಟುಕೊಂಡು ನುಡಿದರೆ ಕೇಳುವ ಕಿವಿ ಉಳಿದ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಪಳಗಿದವರಲ್ಲಿ ಈ ಬದಲಾವಣೆ ತಿಳಿಯುವುದೇ ಇಲ್ಲ. ಹೊಸಬರಲ್ಲಿ ಮಾತ್ರ "ಮರ" ಎಂಬುದು ಸ್ಪಷ್ಟವಾಗಿ "ನರ" ಎಂದೇ ಕೇಳಿಸುತ್ತದೆ.

ಜೋಕರ್ ನೆರವಿಗೆ ಬರುವುದು ಇಲ್ಲಿ. "ನಾನು ನರ ಹತ್ತಿದೆ" ಎಂದು ಅವನು ಹೇಳಿದಾಗ ಕಲಾವಿದರು "ನರವಲ್ಲೋ, ಮರ!" ಎಂದು ಗದರಿದರೆ ಸಾಕು, ತೊಡಕಿನ ಅಕ್ಷರವನ್ನು ಅವರು ತಮ್ಮ ತುಟಿಯಿಂದಲೇ ರಾಜಾರೋಷವಾಗಿ ಆಡಿ ಮುಗಿಸಿದಂತಾಯಿತು, ಸಭೆಗೆ ಗೊಂಬೆಯ ದಡ್ಡತನವೂ ಕಂಡಿತು. ಒಂದು ಪ್ರದರ್ಶನದಲ್ಲಿ ಇದನ್ನು ಒಂದೆರಡು ಬಾರಿಗಿಂತ ಹೆಚ್ಚು ಬಳಸಬಾರದು. ಗೊಂಬೆಯ ಹೆಸರನ್ನಂತೂ ಮೊದಲೇ ಎಚ್ಚರದಿಂದ ಆರಿಸಬೇಕು. ಪುಟ್ಟ, ಬಾಬು, ತಿಮ್ಮ ಎಲ್ಲವೂ ತುಟಿಯ ಹೆಸರುಗಳೇ; ಕಿಟ್ಟಿ ಎಂದರೆ ನಿಶ್ಚಿಂತೆ.

ಪಾಶ್ಚಾತ್ಯ ಸರ್ಕಸ್ಸಿನಲ್ಲಿ ಜೋಕರ್‌ಗಳು ಬಹುಮಟ್ಟಿಗೆ ಜೋಡಿಯಾಗಿ ಬರುತ್ತಾರೆ. ಬಿಳಿ ಬಣ್ಣ ಬಳಿದವನು ಠೀವಿಯ ಯಜಮಾನ. ಆಗಸ್ಟ್ ಎಂದು ಕರೆಯುವ ಎರಡನೆಯವನು ದೊಗಲೆ ಅಂಗಿಯ ಎಡವಟ್ಟು. ಲಂಡನ್ನಿನ ರಂಗಭೂಮಿಯಲ್ಲಿ ಬಿಳಿ ಮುಖದ ಜೋಕರನ್ನು ಪ್ರಸಿದ್ಧಗೊಳಿಸಿದ ಜೋಸೆಫ್ ಗ್ರಿಮಾಲ್ಡಿ (1778–1837) ಅವರ ಪಾತ್ರದಲ್ಲಿ ತುಂಟತನಕ್ಕೇನೂ ಕೊರತೆಯಿರಲಿಲ್ಲ. ಯಜಮಾನಿಕೆಯ ಗತ್ತು ಬಿಳಿ ಮುಖಕ್ಕೆ ಅಂಟಿಕೊಂಡದ್ದು ಮುಂದಿನ ಕಾಲದ ಸರ್ಕಸ್ಸಿನಲ್ಲಿ. ಗೊಂಬೆ ಆಗಸ್ಟ್ ಆದಾಗ ಕಲಾವಿದರು ಆ ಯಜಮಾನನ ಸ್ಥಾನದಲ್ಲಿ ನಿಲ್ಲಬೇಕು. ತಾವೂ ಮುಖಕ್ಕೆ ಬಣ್ಣ ಬಳಿದುಕೊಂಡು, ತಾವೂ ನಗೆಹನಿ ಸಿಡಿಸಿ ಗೊಂಬೆಯೊಡನೆ ಪೈಪೋಟಿಗಿಳಿಯುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅಂಥಲ್ಲಿ ಗೊಂಬೆ ಕೈಚೀಲದಂತೆ ಮಂಕಾಗಿಬಿಡುತ್ತದೆ.

ಹಾಸ್ಯವೂ ಜೋಕರನ ಬದುಕಿನಿಂದಲೇ ಹುಟ್ಟಿದರೆ ಚೆನ್ನ. ಕೆನ್ನೆಯ ಮೇಲೆ ಕಣ್ಣೀರ ಹನಿ ಬರೆದ ಗೊಂಬೆಯನ್ನು "ಕಿಟ್ಟಿ, ಅಳ್ತಿದ್ದೀಯೇನೋ?" ಎಂದು ಕೇಳಿದರೆ, "ಇಲ್ಲ ಸಾರ್, ಹನಿ ಹಚ್ಚಿದ್ದಾರೆ, ತಿಕ್ಕಿದರೆ ಅಳಿಸತ್ತೆ" ಎನ್ನಲಿ. "ಮತ್ತೆ ಬಾಯಲ್ಲಿ ನಗು ಇದೆಯಲ್ಲ?" ಎಂದಾಗ, "ನಗೆ ಸಹ ಹಚ್ಚಿದ್ದೇ ಸಾರ್" ಎನ್ನಲಿ. ಕಿಟ್ಟಿಯ ಈ ಎರಡೂ ಉತ್ತರಗಳಲ್ಲಿ ತುಟಿ ಕೂಡಿಸುವ ಅಥವಾ ದುಂಡಗಾಗಿಸುವ ಒಂದಕ್ಷರವೂ ಇಲ್ಲ. ಕಷ್ಟದ ಮಾತುಗಳೆಲ್ಲ ಕಲಾವಿದರ ಪಾಲಿಗೆ, ಸುಲಭದವು ಗೊಂಬೆಯ ಪಾಲಿಗೆ ಬರುವಂತೆ ಸಂಭಾಷಣೆಯನ್ನು ಬರೆದುಕೊಳ್ಳುವುದು ಆರಂಭದ ತಿಂಗಳುಗಳಲ್ಲಿ ಕನ್ನಡಿಯ ಮುಂದಿನ ಅಭ್ಯಾಸದಷ್ಟೇ ಅಗತ್ಯ.

ಬಾನುಲಿಯಲ್ಲಿ ಈ ವಿಷಯ ಮಾತನಾಡುವುದು ವಿಚಿತ್ರವೆಂದು ಕೆಲವರಿಗೆ ತೋರಬಹುದು. ಆದರೆ ಅಮೆರಿಕದ ಎಡ್ಗರ್ ಬರ್ಗನ್ ತಮ್ಮ ಚಾರ್ಲಿ ಮೆಕಾರ್ಥಿ ಎಂಬ ಗೊಂಬೆಯೊಡನೆ 1937ರಿಂದ ರೇಡಿಯೋದಲ್ಲೇ ಅಪಾರ ಜನಪ್ರಿಯತೆ ಗಳಿಸಿದರು. ಅವರ ತುಟಿ ಅಲುಗುತ್ತದೆಂದು ಸ್ವತಃ ಚಾರ್ಲಿಯೇ ಹಂಗಿಸುತ್ತಿದ್ದ. ಕಾಣದ ಗೊಂಬೆಯನ್ನು ಜನ ನಂಬಿದ್ದು ಅದರ ಧ್ವನಿಗೂ ಗುಣಕ್ಕೂ ಮನಸೋತು. ಜೋಕರ್‌ಗೆ ಕೀರಲು ಧ್ವನಿಯೇ ಆಗಬೇಕೆಂದಿಲ್ಲ. ನಿಮ್ಮ ಸಹಜ ಧ್ವನಿಗಿಂತ ಸ್ಪಷ್ಟವಾಗಿ ಬೇರೆಯಾಗಿದ್ದು, ಗಂಟಲು ನೋಯದಂತೆ ಕೊನೆಯವರೆಗೂ ಉಳಿಯುವ ಯಾವ ಧ್ವನಿಯಾದರೂ ಆಗಬಹುದು.

ಬಣ್ಣದ ಬಗ್ಗೆ ಒಂದು ಮಾತು. ದಪ್ಪ ಕೆಂಪು ಬಾಯಿ, ಸುತ್ತಲೂ ಬಿಳಿ ಅಂಚು ಇದ್ದರೆ ಗೊಂಬೆಯ ಬಾಯಿ ತೆರೆದು ಮುಚ್ಚುವುದು ಹಿಂದಿನ ಸಾಲಿಗೂ ಕಾಣುತ್ತದೆ. ನೋಡುವವರ ಕಣ್ಣು ನಿಮ್ಮ ತುಟಿಯನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ. ಆದರೆ ದಟ್ಟ ಬಣ್ಣದ ಜೋಕರ್ ಮುಖ ಕಂಡು ಹೆದರುವ ಪುಟ್ಟ ಮಕ್ಕಳೂ ಇರುತ್ತಾರೆ. ಹುಬ್ಬು, ಹಲ್ಲುಗಳನ್ನು ಅತಿ ಮಾಡದೆ, ಮುಂದಿನ ಸಾಲಿನತ್ತ ಗೊಂಬೆಯನ್ನು ಏಕಾಏಕಿ ಚಾಚದೆ, ಅವನೇ ಮಕ್ಕಳನ್ನು ಕಂಡು ನಾಚಿ ನಿಮ್ಮ ತೋಳಿನ ಹಿಂದೆ ಅಡಗುವಂತೆ ಮಾಡಿ ನೋಡಿ. ಸ್ವಲ್ಪ ಹೊತ್ತಿನಲ್ಲಿ ಮಕ್ಕಳೇ ಅವನನ್ನು ಕರೆಯತೊಡಗುತ್ತಾರೆ. ಆಟ ಮುಗಿದ ಮೇಲೆ ಅವರೆದುರಿಗೇ ಅವನನ್ನು ಪೆಟ್ಟಿಗೆಗೆ ತುರುಕಬೇಡಿ.

ನಮಸ್ಕಾರ.